ಕುದುರೆಮುಖಕ್ಕೆ ಬೇಸಿಗೆಯಲ್ಲೇ ಬೀಗವೇಕೆ?

ಪ್ರಶ್ನೆ: ಮಕ್ಕಳಿಗೆ ರಜೆ ಸಿಗುವುದೇ ಬೇಸಿಗೆಯಲ್ಲಿ. ಕುದುರೆಮುಖದ ಚಾರಣವನ್ನು ಆಗಲೇ ನಿಲ್ಲಿಸುತ್ತಾರಲ್ಲ, ಏಕೆ?
– ಓದುಗರೊಬ್ಬರು, ಗಾಂಧಿ ಬಜಾರ್

ಉತ್ತರ: ಬೆಂಕಿಯ ಭಯಕ್ಕೆ. ಮಳೆಯಲ್ಲಿ ಸೊಂಪಾಗಿ ಬೆಳೆದ ಹುಲ್ಲು ಫೆಬ್ರವರಿ ಹೊತ್ತಿಗೆ ಒಣಗಿ ಗರಿಗರಿಯಾಗಿರುತ್ತದೆ. ಯಾರೋ ಎಸೆದ ಬೀಡಿ ತುಂಡೊಂದು ಸಾಕು, ಗುಡ್ಡವೇ ಹತ್ತಿಕೊಳ್ಳುತ್ತದೆ. ಆ ಇಳಿಜಾರಿಗೆ ಅಗ್ನಿಶಾಮಕ ವಾಹನ ಹತ್ತುವುದಿಲ್ಲ. ಕಾವಲಿನವರು ಹಸಿ ಸೊಪ್ಪಿನಿಂದ ಬಡಿದೇ ಆರಿಸಬೇಕು. ಅದಕ್ಕೇ ಬೇಸಿಗೆಗೆ ಮೊದಲೇ ಹುಲ್ಲನ್ನು ಪಟ್ಟಿಪಟ್ಟಿಯಾಗಿ ಸವರಿ, ಸುಟ್ಟು, ಬೆಂಕಿ ರೇಖೆ ಮಾಡಿಕೊಳ್ಳುತ್ತಾರೆ. ಆಮೇಲೆ ಮಳೆ ಬೀಳುವವರೆಗೂ ಹೊಗೆ ಕಾಯುವ ಕೆಲಸ. ಅವರ ದುಡಿಮೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಮಳೆಗಾಲದಲ್ಲಿ ಚಿಂತೆ ಬೇರೆ: ಜಾರುವ ಹಾದಿ, ಉಕ್ಕುವ ಹಳ್ಳ, ಜೊತೆಗೆ ಜನಸಂದಣಿ. 2024ರಿಂದ ಆನ್‌ಲೈನ್ ಬುಕಿಂಗ್ ಬಂದಿದೆ, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ನಿಮ್ಮ ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ಸೇರುವಷ್ಟು ಜನ ಅಲ್ಲಿ ತುಳಿದರೆ ಹುಲ್ಲಿನ ಬೇರು ಕಿತ್ತು ಮಣ್ಣು ತೊಳೆದುಹೋಗುತ್ತದೆ. ತುಂಗಾ, ಭದ್ರಾ, ನೇತ್ರಾವತಿಗೆ ನೀರು ಹಿಡಿದಿಡುವುದು ಆ ಮಣ್ಣೇ. ಈ ಕಾಡು, ನದಿಗಳ ಉಳಿವಿಗಾಗಿಯೇ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಗಣಿಯೇ ನಿಂತಿತು.

ಮಕ್ಕಳನ್ನು ದಸರಾ ರಜೆಯಲ್ಲಿ ಕರೆದೊಯ್ಯಿರಿ. ಹುಲ್ಲು ಆಗ ಇನ್ನೂ ಹಸಿರಾಗಿರುತ್ತದೆ.