ವಿಷಯವೊಂದು, ಅಚ್ಚು ಹಲವು

ಭಾರತೀಯ ಭಾಷೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯದಲ್ಲಿ ಪುಣೆ ನಗರಕ್ಕೆ ವಿಶಿಷ್ಟ ಸ್ಥಾನವಿದೆ. 1988ರಲ್ಲಿ ಕೇಂದ್ರ ಸರ್ಕಾರವು ಅಲ್ಲಿ ಸ್ಥಾಪಿಸಿದ ಸಿ-ಡ್ಯಾಕ್ ಸಂಸ್ಥೆಯು, ಕಾನ್ಪುರದ ಐಐಟಿಯಲ್ಲಿ ಮೊದಲುಗೊಂಡ ‘ಜಿಸ್ಟ್’ ತಂತ್ರಜ್ಞಾನವನ್ನು ಮುಂದುವರಿಸಿ ಬೆಳೆಸಿತು. 1991ರಲ್ಲಿ ರಾಷ್ಟ್ರೀಯ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿ ಕನ್ನಡದ ‘ಕ’ಕಾರಕ್ಕೂ ದೇವನಾಗರಿಯ ‘ಕ’ಕಾರಕ್ಕೂ ಒಂದೇ ಸಂಖ್ಯೆಯನ್ನು ನೀಡಲಾಯಿತು. ಯಂತ್ರದೊಳಗೆ ಉಳಿಯುವುದು ಅಕ್ಷರದ ಸಂಕೇತ. ತೆರೆಯ ಮೇಲೆ ಅದು ಯಾವ ಲಿಪಿಯಲ್ಲಿ ಮೂಡಬೇಕೆಂಬುದು ಬೇರೆಯೇ ವಿಚಾರ. ಇದಕ್ಕೆ ವಿರುದ್ಧವಾಗಿ, ಒಂದೇ ಫಾಂಟಿಗೆ ಕಟ್ಟುಬಿದ್ದ ಸಂಕೇತದಲ್ಲಿ ಬರೆದಿಟ್ಟ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಓದಲಾಗದಂತಾದವು.

ವಿಷಯವನ್ನೂ ರೂಪವನ್ನೂ ಬೇರೆ ಬೇರೆಯಾಗಿಡುವ ಈ ತತ್ವವೇ ಇಂದಿನ ಜಾಲತಾಣಗಳಿಗೂ ಆಧಾರವಾಗಿದೆ. ಜಾಲತಾಣದ ಬರಹ, ದಿನಾಂಕ, ಅರ್ಜಿ ನಮೂನೆ ಮುಂತಾದವುಗಳನ್ನು ವಿಷಯ ನಿರ್ವಹಣಾ ವ್ಯವಸ್ಥೆಯು ಒಂದೆಡೆ ಕೂಡಿಡುತ್ತದೆ. ಪುಟದ ವಿನ್ಯಾಸವನ್ನು ಸೂಚಿಸುವ ಅಚ್ಚಿಗೆ ಟೆಂಪ್ಲೇಟ್ ಎಂದು ಹೆಸರು. ವಿಷಯವನ್ನು ಅಚ್ಚಿಗೆ ತುಂಬಿ ಪುಟವನ್ನು ಸಿದ್ಧಪಡಿಸುವ ತಂತ್ರಾಂಶವೇ ಟೆಂಪ್ಲೇಟ್ ಎಂಜಿನ್. ಒರಳಿನ ಬಿಲ್ಲೆ ಬದಲಿಸಿದರೆ ಚಕ್ಕುಲಿಯ ಆಕಾರ ಬದಲಾಗುವುದೇ ಹೊರತು ಹಿಟ್ಟು ಬದಲಾಗುವುದಿಲ್ಲ.

ಅಚ್ಚನ್ನಷ್ಟೇ ಅಲ್ಲದೆ ಎಂಜಿನ್ನನ್ನೂ ಬದಲಿಸಲು ಸಾಧ್ಯವಿದೆ. ‘ಡ್ರುಪಾಲ್’ ವ್ಯವಸ್ಥೆಯ ಹಿಂದಿನ ಆವೃತ್ತಿಗಳಲ್ಲಿ ‘ಸ್ಮಾರ್ಟಿ’ಯಂತಹ ಬದಲಿ ಎಂಜಿನ್‌ಗಳನ್ನು ಪ್ರತ್ಯೇಕವಾಗಿ ಜೋಡಿಸಬಹುದಾಗಿತ್ತು. 2015ರಲ್ಲಿ ಬಿಡುಗಡೆಯಾದ ಅದರ 8ನೆಯ ಆವೃತ್ತಿಯು ‘ಟ್ವಿಗ್’ ಎಂಜಿನ್ನನ್ನು ತನ್ನದಾಗಿಸಿಕೊಂಡಿತು. ಓದುಗರು ನಮೂದಿಸಿದ ಪಠ್ಯದಲ್ಲಿ ಹಾನಿಕಾರಕ ಆಜ್ಞೆಗಳು ಅಡಗಿದ್ದರೆ, ಅವು ಕಾರ್ಯಗತವಾಗದೆ ಬರಿಯ ಅಕ್ಷರಗಳಾಗಿ ಕಾಣುವಂತೆ ಮಾಡುವುದು ಅದರ ಒಂದು ಪ್ರಯೋಜನ.

ಬದಲಿ ಎಂಜಿನ್ನಿನ ಪ್ಲಗಿನ್ ಅಳವಡಿಸುವವರು ಕೆಲವು ಕ್ರಮಗಳನ್ನು ತಪ್ಪದೆ ಪಾಲಿಸುವುದು ಅವಶ್ಯಕ. ಮೊದಲು ಕಡತಗಳ ಹಾಗೂ ದತ್ತಸಂಚಯದ ಪ್ರತಿಯನ್ನು ತೆಗೆದಿರಿಸಬೇಕು. ಪ್ಲಗಿನ್ನು ವಿಶ್ವಾಸಾರ್ಹ ಮೂಲದ್ದೇ, ವ್ಯವಸ್ಥೆಯ ಆವೃತ್ತಿಗೆ ಹೊಂದುವುದೇ, ಈಗಲೂ ಪರಿಷ್ಕರಣೆಗೊಳ್ಳುತ್ತಿದೆಯೇ ಎಂಬುದನ್ನು ಪರಿಶೀಲಿಸಬೇಕು. ಸಾರ್ವಜನಿಕರು ಬಳಸುವ ತಾಣದಲ್ಲಿ ನೇರವಾಗಿ ಜೋಡಿಸದೆ, ಅದರ ನಕಲಿನಲ್ಲಿ ಪರೀಕ್ಷಿಸಬೇಕು. ಒಂದು ಎಂಜಿನ್ನಿಗಾಗಿ ಬರೆದ ಅಚ್ಚು ಇನ್ನೊಂದಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲವಾದ್ದರಿಂದ ಹಳೆಯ ಅಚ್ಚುಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿವೆಯೇ ಎಂಬುದನ್ನೂ ನೋಡಬೇಕು. ಕೊನೆಗೆ, ಹಳೆಯ ಸ್ಥಿತಿಗೆ ಮರಳುವ ದಾರಿಯನ್ನು ತೆರೆದಿಟ್ಟುಕೊಂಡೇ ಬದಲಾವಣೆಯನ್ನು ಜಾರಿಗೆ ತರಬೇಕು.

ಪಿಂಚಣಿ ಅರ್ಜಿಯ ಕೊನೆಯ ದಿನಾಂಕವನ್ನು ಹುಡುಕುವ ನಾಗರಿಕನಿಗೆ ಎಂಜಿನ್ನಿನ ಹೆಸರು ತಿಳಿದಿರಬೇಕಾಗಿಲ್ಲ. ರೂಪ ಎಷ್ಟು ಬಾರಿ ಬದಲಾದರೂ ಆ ದಿನಾಂಕ ಅವನ ಭಾಷೆಯಲ್ಲಿ ತಪ್ಪಿಲ್ಲದೆ ದೊರೆಯುವಂತಿದ್ದರೆ ಮಾತ್ರ ಈ ತಂತ್ರಜ್ಞಾನ ಸಾರ್ಥಕವೆನಿಸುತ್ತದೆ.