ರಕ್ತಶೋಧನೆಯ ವಾರಕ್ರಮವೂ ಹೃದಯದ ಲಯವೂ

ಮೂತ್ರಪಿಂಡಗಳು ನಿಷ್ಕ್ರಿಯವಾದವರ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಶುದ್ಧಿಗೊಳಿಸುವ ಡಯಾಲಿಸಿಸ್ ಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ ಮೂರಾವರ್ತಿ ನಡೆಯುತ್ತದೆ. ಸೋಮ, ಬುಧ, ಶುಕ್ರವಾರಗಳು ಒಂದು ತಂಡಕ್ಕೆ. ಮಂಗಳ, ಗುರು, ಶನಿವಾರಗಳು ಇನ್ನೊಂದಕ್ಕೆ. ಏಳನ್ನು ಮೂರರಿಂದ ಭಾಗಿಸಿದರೆ ಒಂದು ಶೇಷವುಳಿಯುವುದು ಮಕ್ಕಳೂ ಬಲ್ಲ ಲೆಕ್ಕ. ಎರಡು ಅಂತರಗಳು ಎರಡೆರಡು ದಿನಗಳವಾದರೆ ಮೂರನೆಯದು ಮೂರು ದಿನಗಳದು. ಈ ಹೆಚ್ಚಿನ ಒಂದು ದಿನವು ಹೃದಯದ ಲಯವನ್ನು ಹೇಗೆ ಕೆಡಿಸುತ್ತದೆಂಬುದೇ ಪ್ರಸ್ತುತ ಲೇಖನದ ವಿಷಯ.

ರಕ್ತದಲ್ಲಿ ಪೊಟಾಷಿಯಂ ಪ್ರಮಾಣವು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ಗಳೊಳಗೆ ಇರತಕ್ಕದ್ದು. ಹೃದಯದ ಕೋಶಗಳ ವಿದ್ಯುದ್ವ್ಯಾಪಾರವು ಈ ಪ್ರಮಾಣವನ್ನೇ ಅವಲಂಬಿಸಿದೆ. ಮಿಕ್ಕುದನ್ನು ಹೊರಹಾಕುವ ಹೊಣೆ ಬಹುಮಟ್ಟಿಗೆ ಮೂತ್ರಪಿಂಡಗಳದು. ಅವು ಸೋತಾಗ ಊಟದ ಪೊಟಾಷಿಯಂ ರಕ್ತದಲ್ಲೇ ಸಂಚಯಗೊಳ್ಳುತ್ತದೆ. ನಮ್ಮಲ್ಲಿ ರೋಗಿಗೆ ಮೊದಲು ಕೊಡುವ ಎಳನೀರು, ಬಾಳೆಹಣ್ಣುಗಳು ಇವರಿಗೆ ಮಾತ್ರ ಹಿತವಲ್ಲ. ಪ್ರಮಾಣವು ಬಹಳ ಏರಿದರೆ ಹೃದಯದಲ್ಲಿ ವಿದ್ಯುತ್ಪ್ರಚೋದನೆಯ ಸಂಚಾರ ಮಂದವಾಗುತ್ತದೆ, ಕಡೆಗೆ ಮಿಡಿತವೇ ನಿಲ್ಲಬಹುದು. ಜೊತೆಗೆ ಶೇಖರವಾದ ನೀರು ಮೊದಲೇ ದಪ್ಪಗಟ್ಟಿದ ಹೃದಯವನ್ನು ಹಿಗ್ಗಿಸುತ್ತದೆ.

ಚಿಕಿತ್ಸೆಯೇ ಇದಕ್ಕೆ ಪರಿಹಾರವಾದರೂ ಅದೂ ನಿರಪಾಯವಲ್ಲ. ಮೂರು ದಿನಗಳಲ್ಲಿ ಕೂಡಿದ್ದನ್ನು ಸುಮಾರು ನಾಲ್ಕು ಗಂಟೆಗಳಲ್ಲಿ ತೆಗೆಯಬೇಕಾಗುತ್ತದೆ. ಏರಿಕೆಯಂತೆ ಈ ತೀವ್ರ ಇಳಿತವೂ ಲಯವನ್ನು ಕದಡಬಲ್ಲುದು. ಶೋಧಕದ್ರವದಲ್ಲಿ ಪೊಟಾಷಿಯಂ ತೀರ ಕಡಮೆಯಿದ್ದ ಪಕ್ಷದಲ್ಲಿ ಹೃದಯಸ್ತಂಭನಗಳು ಹೆಚ್ಚೆಂದು ಕಂಡುಬಂದಿದೆ.

ವಾರಕ್ಕೆ ಮೂರು ಎಂಬ ಈ ಕ್ರಮ ಬಂದುದು ಹೇಗೆ? ನೆದರ್ಲೆಂಡಿನ ವಿಲೆಮ್ ಕೋಲ್ಫ್ 1943ರಲ್ಲಿ ಕೃತಕ ಮೂತ್ರಪಿಂಡವನ್ನು ರೋಗಿಗಳಿಗೆ ಬಳಸಿದಾಗ ಅದು ತಾತ್ಕಾಲಿಕ ಉಪಾಯವಷ್ಟೆ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲಿ ಟೆಫ್ಲಾನ್ ಕೊಳವೆಯನ್ನು ನಿಲ್ಲಿಸಿದ ಬಳಿಕವೇ ಚಿಕಿತ್ಸೆಯನ್ನು ವರ್ಷಾನುಗಟ್ಟಲೆ ಮುಂದುವರಿಸುವುದು ಸಾಧ್ಯವಾಯಿತು. ಅನಂತರ ರೂಢಿಗೊಂಡ ವಾರಕ್ರಮವನ್ನು ಶರೀರಧರ್ಮಕ್ಕಿಂತ ಆಸ್ಪತ್ರೆಯ ವೆಚ್ಚ ಮತ್ತು ಸಿಬ್ಬಂದಿಯ ರಜಾದಿನಗಳೇ ಹೆಚ್ಚಾಗಿ ರೂಪಿಸಿದವೆಂದರೆ ತಪ್ಪಾಗಲಾರದು. ಶರೀರಕ್ಕೆ ಭಾನುವಾರವೆಂಬುದಿಲ್ಲ.

ಇದರ ಫಲವನ್ನು ಅಮೆರಿಕದ ಮರಣದಾಖಲೆಗಳಲ್ಲಿ ನೋಡಬಹುದು. ಅಲ್ಲಿ ಹಠಾತ್ ಹೃದಯಮರಣಗಳು ಮೊದಲ ತಂಡದವರಲ್ಲಿ ಸೋಮವಾರ, ಎರಡನೆಯ ತಂಡದವರಲ್ಲಿ ಮಂಗಳವಾರ ಅಧಿಕವೆಂದು 1999ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಪೊರೆಯ ಮೂಲಕ ಪ್ರತಿದಿನವೂ ಶೋಧನೆ ನಡೆಯುವವರಲ್ಲಿ ಇಂಥ ವಾರಭೇದ ಕಾಣಲಿಲ್ಲ. ಎಂದಮೇಲೆ ದೋಷವು ಸೋಮವಾರದ್ದಲ್ಲ, ಅಂತರದ್ದು. 2011ರಲ್ಲಿ 32,065 ರೋಗಿಗಳ ದಾಖಲೆಗಳಿಂದ, ದೀರ್ಘ ಅಂತರದ ಮರುದಿನ 100 ವ್ಯಕ್ತಿವರ್ಷಗಳಿಗೆ 22.1 ಮರಣಗಳೂ ಇತರ ದಿನಗಳಲ್ಲಿ 18.0 ಮರಣಗಳೂ ಆದುದು ತಿಳಿಯಿತು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 66 ರೋಗಿಗಳ ಚರ್ಮದಡಿ ಲಯಲೇಖಕ ಯಂತ್ರವನ್ನು ಇರಿಸಲಾಗಿತ್ತು. ಅಲ್ಲಿ ದಾಖಲಾದ ಗಂಭೀರ ವ್ಯತ್ಯಯಗಳಲ್ಲಿ ಅತಿವೇಗಕ್ಕಿಂತ ಅತಿಮಂದಗತಿಯೇ ಹೆಚ್ಚು. ಅವು ದಟ್ಟವಾಗಿದ್ದುದು ಅಂತರದ ಕೊನೆಯ 12 ಗಂಟೆಗಳಲ್ಲಿ ಮತ್ತು ವಾರದ ಮೊದಲ ಚಿಕಿತ್ಸೆಯ ವೇಳೆಯಲ್ಲಿ.

ದಿನಬಿಟ್ಟು ದಿನ ಚಿಕಿತ್ಸೆ ನಡೆಸಿದರೆ ಶೇಷವೇ ಉಳಿಯದು. ಆದರೆ ಆಗ ರೋಗಿಯ ಸರದಿ ಒಂದು ವಾರ ಸೋಮವಾರಕ್ಕೆ, ಮರುವಾರ ಭಾನುವಾರಕ್ಕೆ ಜಾರುತ್ತದೆ. ವಾರಕ್ಕೆ ಕಟ್ಟುಬಿದ್ದ ಆಸ್ಪತ್ರೆಗಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಭಾರತದಲ್ಲಿಯಂತೂ ವೆಚ್ಚಕ್ಕಂಜಿ ವಾರಕ್ಕೆ ಎರಡೇ ಸಲ ಬರುವವರು ಬಹುಮಂದಿ. ಅವರ ಅಂತರಗಳು ಮೂರು ದಿನ, ನಾಲ್ಕು ದಿನ.