ಬೈಗುಳವಾದ ಹೊಳಪು

ಮಂತ್ರಿಯೊಬ್ಬರ ಮೇಲೆ 'ಕೊರಸ್ಕೇಟಿಂಗ್ ದಾಳಿ' ನಡೆಯಿತು ಎಂಬಂಥ ಸಾಲು ಬ್ರಿಟನ್ನಿನ ಪತ್ರಿಕೆಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಯಾರೋ ಅವರನ್ನು ಹಿಗ್ಗಾಮುಗ್ಗಾ ಝಾಡಿಸಿದ್ದಾರೆ ಎಂದೇ ಓದುಗ ತಿಳಿಯುತ್ತಾನೆ. ಬರೆದವರ ಮನಸ್ಸಿನಲ್ಲಿರುವುದೂ ಅದೇ. ಪದದ ಅರ್ಥ ಮಾತ್ರ ಬೇರೆ: ಫಳಫಳನೆ ಹೊಳೆಯುವ, ಮಿಂಚು ಚಿಮ್ಮಿಸುವ! 'ದಿ ಗಾರ್ಡಿಯನ್' ತನ್ನ ಶೈಲಿ ಕೈಪಿಡಿಯಲ್ಲಿ ಈ ಎಡವಟ್ಟಿನ ಬಗ್ಗೆ ಎಚ್ಚರಿಸಿದೆ.

ಗೊಂದಲಕ್ಕೆ ಕಾರಣ 'ಎಕ್ಸ್‌ಕೋರಿಯೇಟಿಂಗ್' ಎಂಬ ಇನ್ನೊಂದು ಪದ. ಅದರೊಳಗೆ ಅಡಗಿರುವುದು ಚರ್ಮ ಎಂಬರ್ಥದ ಲ್ಯಾಟಿನ್ನಿನ 'ಕೋರಿಯಂ'. ತೊಗಲು ಸುಲಿಯುವ ಟೀಕೆ ಎಂದರೆ ಅದು. ಕೊರಸ್ಕೇಟ್ ಹುಟ್ಟಿದ್ದು ಲ್ಯಾಟಿನ್ನಿನದೇ ಇನ್ನೊಂದು ಪದವಾದ 'ಕೊರುಸ್ಕಾರೆ'ಯಿಂದ. ಕಂಪಿಸು, ಅಲುಗಾಡಿಸು, ಮಿಂಚು ಎಲ್ಲವೂ ಅದರಲ್ಲಿದೆ. ಕವಿ ವರ್ಜಿಲ್ ಈಟಿ ಝಳಪಿಸುವುದಕ್ಕೂ ಇದನ್ನೇ ಬಳಸಿದ. ಅಂದರೆ ಇದು ನಿಂತು ಉರಿಯುವ ಬೆಳಕಲ್ಲ, ಅಲುಗಿದಾಗ ಹೊಮ್ಮುವ ಬೆಳಕು. ನಮ್ಮ 'ಕಣ್ಣು ಕೋರೈಸು'ವಿಗೂ ಇದಕ್ಕೂ ನಂಟಿಲ್ಲ. ಆದರೆ ಅರ್ಥ ನೆನಪಿಡಲು ಕನ್ನಡಿಗರಿಗೆ ಇದಕ್ಕಿಂತ ಸುಲಭದ ದಾರಿಯೂ ಇಲ್ಲ.

ಈ ಪದ ಅಕ್ಷರಶಃ ನಿಜವಾಗುವ ಜಾಗವೊಂದಿದೆ: ಚಿನ್ನದ ಶುದ್ಧತೆ ಪರೀಕ್ಷಿಸುವ ಕುಲುಮೆ. ಚಿನ್ನದ ಮಾದರಿಯನ್ನು ಸೀಸದೊಂದಿಗೆ ಎಲುಬಿನ ಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಕಾಯಿಸುತ್ತಾರೆ. ಸೀಸ ಗಾಳಿಯೊಡನೆ ಬೆರೆತು ಆಕ್ಸೈಡ್ ಆಗುತ್ತದೆ. ತಾಮ್ರದಂಥ ಕಲ್ಮಶವನ್ನೂ ಎಳೆದುಕೊಂಡು ಬಟ್ಟಲಿನೊಳಕ್ಕೆ ಇಂಗಿಹೋಗುತ್ತದೆ. ಉಳಿಯುವುದು ಒಂದು ಗುಂಡು ಮಣಿ. ಹೊರತೆಗೆದಾಗ ಅದು ಮಂಕಾಗುತ್ತ ತಣಿಯುತ್ತದೆ, ಚಿನ್ನ ಹೆಪ್ಪುಗಟ್ಟುವ 1064 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ ಕೆಲಹೊತ್ತು ದ್ರವವಾಗಿಯೇ ಇರುತ್ತದೆ. ಮರುಕ್ಷಣ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಒಳಗಿದ್ದ ಗುಪ್ತೋಷ್ಣ ಒಮ್ಮೆಲೇ ಹೊರಬಿದ್ದು ಮಣಿ ಝಗ್ಗನೆ ಬೆಳಗುತ್ತದೆ. ಆ ಮಿಂಚಿಗೆ 'ಕೊರಸ್ಕೇಷನ್' ಎಂದೇ ಹೆಸರು.

ಹೊಸ ತಲೆಮಾರಿಗೆ ಈ ಪದದ ಪರಿಚಯವಾಗಿದ್ದು 'ಸ್ಟಾರ್ ವಾರ್ಸ್'ನಿಂದ. ಗ್ರಹವನ್ನೇ ಆವರಿಸಿದ, ರಾತ್ರಿಯೆಲ್ಲ ಜಗಮಗಿಸುವ ಆ ಕಥಾಲೋಕದ ರಾಜಧಾನಿಗೆ 'ಕೊರುಸ್ಕಂಟ್' ಎಂದು ಹೆಸರಿಟ್ಟವರು ಲೇಖಕ ಟಿಮಥಿ ಝಾನ್, 1991ರ 'ಏರ್ ಟು ದಿ ಎಂಪೈರ್' ಕಾದಂಬರಿಯಲ್ಲಿ. ಪತ್ರಕರ್ತರಿಗಿಂತ ಅವರೇ ವಾಸಿ.

ಇಂಗ್ಲಿಷಿನಲ್ಲಿ ಬರೆಯುವವರು 'ಕೊರಸ್ಕೇಟಿಂಗ್' ಪದವನ್ನು ಮಿಂಚಿನಂಥ ಮಾತುಗಾರಿಕೆಗೆ, ಪಟಪಟನೆ ಹಾರುವ ಹಾಸ್ಯಕ್ಕೆ ಧಾರಾಳವಾಗಿ ಬಳಸಬಹುದು. ಮಾಮೂಲಿ ಹೊಳಪಿಗೆ 'ಸ್ಪಾರ್ಕ್ಲಿಂಗ್' ಸಾಕು. ಬೈಯುವುದಕ್ಕಂತೂ ಇದು ಬೇಡ.